ಶುಗರ್ ತಪಾಸಣೆಯಲ್ಲಿ ಬಾಯಿ ಯಾಕಿಲ್ಲ? ಒಸಡಿನ ಕಾಯಿಲೆ ಮತ್ತು ಸಕ್ಕರೆ ಕಾಯಿಲೆಯ ನಂಟು

ಶುಗರ್ ಇರುವವರ ಫೈಲ್ ಒಂದನ್ನು ತೆರೆದು ನೋಡಿ. ಖಾಲಿ ಹೊಟ್ಟೆಯ ಶುಗರ್, ಊಟ ಆದ ಮೇಲಿನ ಶುಗರ್, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕ್ರಿಯಾಟಿನಿನ್, ಇಸಿಜಿ ಎಲ್ಲ ಇರುತ್ತೆ. ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಿದ ಚೀಟಿ ಇರುತ್ತೆ. ಕಾಳಜಿ ಇರುವ ಡಾಕ್ಟರ್ ಆದರೆ ಪಾದದ ಸ್ಪರ್ಶ ಸರಿಯಾಗಿದೆಯಾ ಅಂತ ನೋಡಿ ಅದನ್ನೂ ಬರೆದಿರುತ್ತಾರೆ. ಬಾಯಿಯ ಬಗ್ಗೆ ಮಾತ್ರ ಒಂದು ಸಾಲೂ ಸಿಗುವುದು ಕಷ್ಟ.

ಸಕ್ಕರೆ ಕಾಯಿಲೆಯಿಂದ ಕಣ್ಣು, ಕಿಡ್ನಿ, ನರ, ಹೃದಯ ಮತ್ತು ಕೈಕಾಲಿನ ರಕ್ತನಾಳ ಕೆಡುತ್ತವೆ ಎನ್ನುವುದು ಈಗ ಎಲ್ಲರಿಗೂ ಗೊತ್ತು. ಈ ಪಟ್ಟಿಗೆ ಒಸಡಿನ ಕಾಯಿಲೆಯನ್ನು ಆರನೆಯದಾಗಿ ಸೇರಿಸಬೇಕು ಎಂದು ಹರಾಲ್ಡ್ ಲೋ ಎಂಬ ದಂತತಜ್ಞರು 1993ರಲ್ಲೇ ಬರೆದರು. ಮೂವತ್ತು ವರ್ಷ ದಾಟಿತು. ಆಮೇಲೆ ಬಂದ ಅಧ್ಯಯನಗಳು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿವೆ. ಶುಗರ್‌ನಿಂದ ಒಸಡು ಹಾಳಾಗುತ್ತೆ ಅನ್ನುವುದು ಅರ್ಧ ಕಥೆ. ಒಸಡು ಹಾಳಾದರೆ ಶುಗರ್ ಏರುತ್ತೆ, ಇಲ್ಲದವರಿಗೆ ಬರುವ ಸಂಭವವೂ ಜಾಸ್ತಿ ಇರಬಹುದು ಅನ್ನುವುದು ಉಳಿದರ್ಧ. ಈ ಉಳಿದರ್ಧ ನಮ್ಮ ಜನರಿಗೆ ಇನ್ನೂ ತಲುಪಿಲ್ಲ.

ದಾವಣಗೆರೆಯಲ್ಲಿ ಕೂತು ಇದನ್ನು ಬರೆಯುವಾಗ ಬೇಸರ ಇನ್ನೂ ಜಾಸ್ತಿ. ಈ ಊರಲ್ಲಿ ಏನು ಕಡಿಮೆ ಇದೆ ಹೇಳಿ? 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು ಇದೆ. ಬಾಪೂಜಿ ಡೆಂಟಲ್ ಕಾಲೇಜು ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಪಕ್ಕದ ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜಿದೆ. ಹರಿಹರ, ಹೊನ್ನಾಳಿ, ಜಗಳೂರು, ಹೊಳಲ್ಕೆರೆ ಕಡೆಯಿಂದ ಜನ ಬಸ್ ಹತ್ತಿ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ಶುಗರ್ ಡಾಕ್ಟರೂ ಇದ್ದಾರೆ, ಒಸಡಿನ ತಜ್ಞರೂ ಇದ್ದಾರೆ. ಒಬ್ಬರ ಹತ್ತಿರ ಹೋದ ರೋಗಿಗೆ ಇನ್ನೊಬ್ಬರ ಹತ್ತಿರವೂ ಹೋಗಬೇಕು ಅಂತ ಹೇಳುವವರು ಮಾತ್ರ ಕಡಿಮೆ.

ಮೊದಲು ಒಸಡಿನ ಕಾಯಿಲೆ ಅಂದರೆ ಏನು ಅಂತ ನೋಡೋಣ. ಹಲ್ಲಿನ ಮೇಲೆ, ಅದರಲ್ಲೂ ಹಲ್ಲು ಒಸಡು ಸೇರುವ ಅಂಚಿನಲ್ಲಿ, ದಿನಾ ಒಂದು ತೆಳು ಪಾಚಿ ಕಟ್ಟುತ್ತೆ. ಅದರ ತುಂಬ ಬ್ಯಾಕ್ಟೀರಿಯಾ. ಸರಿಯಾಗಿ ಉಜ್ಜಿದರೆ ಹೋಗುತ್ತೆ. ಬಿಟ್ಟರೆ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಹಳದಿ ಗಾರೆಯಂತೆ ಅಂಟಿಕೊಳ್ಳುತ್ತೆ. ಆಮೇಲೆ ಯಾವ ಬ್ರಷ್‌ನಿಂದಲೂ ಅದು ಹೋಗಲ್ಲ. ಒಸಡು ಕೆಂಪಾಗುತ್ತೆ, ಊದಿಕೊಳ್ಳುತ್ತೆ, ಉಜ್ಜುವಾಗ ರಕ್ತ ಬರುತ್ತೆ. ಇದು ಜಿಂಜಿವೈಟಿಸ್. ಈ ಹಂತದಲ್ಲಿ ಹಿಡಿದರೆ ಪೂರ್ತಿ ವಾಸಿ ಆಗುತ್ತೆ. ಹಿಡಿಯದಿದ್ದರೆ ಕೆಲವರಲ್ಲಿ ಸೋಂಕು ಬೇರಿನ ಕಡೆ ಇಳಿಯುತ್ತೆ. ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಂದು ಬೀಳುತ್ತೆ. ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಾ ಹೋಗುತ್ತೆ. ಇದು ಪೆರಿಯೊಡಾಂಟೈಟಿಸ್. ಕರಗಿದ ಮೂಳೆ ಹೆಚ್ಚುಕಡಿಮೆ ವಾಪಸ್ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಮಂದಿಗೆ ತೀವ್ರ ಒಸಡಿನ ಕಾಯಿಲೆ ಇದೆ.

ಡೆಂಟಲ್ ಕಾಲೇಜಿನ ಒಸಡಿನ ವಿಭಾಗದಲ್ಲಿ ಇದನ್ನು ಅಳೆಯುವುದನ್ನು ಒಮ್ಮೆ ನೋಡಬೇಕು. ತೆಳ್ಳಗಿನ ಕಡ್ಡಿಯಂಥ ಸಲಕರಣೆ, ಅದರ ಮೇಲೆ ಮಿಲಿಮೀಟರ್ ಗೆರೆಗಳು. ಹೆಸರು ಪ್ರೋಬ್. ಪ್ರತಿ ಹಲ್ಲಿನ ಸುತ್ತ ಆರು ಕಡೆ ಅದನ್ನು ಮೆಲ್ಲಗೆ ಒಸಡಿನೊಳಗೆ ಇಳಿಸಿ ಎಷ್ಟು ಆಳ ಹೋಗುತ್ತೆ ಅಂತ ಓದುತ್ತಾರೆ. ಒಬ್ಬರು ಕೂಗುತ್ತಾ ಹೋಗುತ್ತಾರೆ, ಇನ್ನೊಬ್ಬರು ಚಾರ್ಟ್ ತುಂಬುತ್ತಾ ಹೋಗುತ್ತಾರೆ. ‘ಎರಡು, ಮೂರು, ಎರಡು. ಮೂರು, ಐದು, ಆರು, ರಕ್ತ ಇದೆ.’ 28 ಹಲ್ಲಿಗೆ 168 ನಂಬರ್. ಮೂರರವರೆಗೆ ಇದ್ದರೆ ಸರಿ. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಾಕೆಟ್ ಆಗಿದೆ ಅಂತ ಲೆಕ್ಕ. ಕುರ್ಚಿಯಲ್ಲಿ ಮಲಗಿದವರಿಗೆ ಆ ಐದು, ಆರು ಎಂಬ ಕೂಗು ಏನೆಂದು ಗೊತ್ತಾಗದೇ ಇರಬಹುದು. ಆದರೆ ಅವರ ರಕ್ತದ ಸಕ್ಕರೆಗೂ ಆ ನಂಬರ್‌ಗಳಿಗೂ ಸಂಬಂಧ ಇದೆ.

ಹೇಗೆ? ಪಾಕೆಟ್‌ನ ಒಳಗೋಡೆಗೆ ಗಟ್ಟಿ ಚರ್ಮ ಇರಲ್ಲ, ಹುಣ್ಣಾದ ಮೇಲ್ಮೈ ಇರುತ್ತೆ. ಪೆರಿಯೊಡಾಂಟೈಟಿಸ್ ಇರುವವರಲ್ಲಿ ಇಂಥ ಎಲ್ಲ ಸಂದುಗಳನ್ನೂ ಕೂಡಿಸಿದರೆ ಸುಮಾರು 8ರಿಂದ 20 ಚದರ ಸೆಂಟಿಮೀಟರ್ ಆಗುತ್ತೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಷ್ಟು ದೊಡ್ಡ ಗಾಯ ಶುಗರ್ ಇರುವವರ ಕಾಲಿನಲ್ಲಿ ಇದ್ದಿದ್ದರೆ ಮನೆಯವರು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಓಡುತ್ತಿದ್ದರು, ಅಲ್ವಾ? ಬಾಯಿಯೊಳಗೆ ಅದು ಕಾಣಲ್ಲ. ಸಾಮಾನ್ಯವಾಗಿ ನೋಯುವುದೂ ಇಲ್ಲ. ಹಾಗಾಗಿ ವರ್ಷಗಟ್ಟಲೆ ಹಾಗೇ ಇರುತ್ತೆ.

ಆ ಗಾಯದ ಮೂಲಕ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷದ ಅಂಶಗಳು ರಕ್ತಕ್ಕೆ ಸೇರುತ್ತವೆ. ಇವುಗಳಲ್ಲಿ ಪೋರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಎನ್ನುವುದು ಮುಖ್ಯವಾದದ್ದು. ದೇಹ ಸುಮ್ನೆ ಕೂರಲ್ಲ, ಹೋರಾಟಕ್ಕೆ ಇಳಿಯುತ್ತೆ. ಆ ಹೋರಾಟದಲ್ಲಿ ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ಜಾಸ್ತಿ ಆಗುತ್ತವೆ. ಉರಿಯೂತದ ಗುರುತಾದ ಸಿಆರ್‌ಪಿ ಕೂಡ ಏರುತ್ತೆ. ಈ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಇನ್ಸುಲಿನ್ ಇದ್ದರೂ ಸ್ನಾಯು ಮತ್ತು ಲಿವರ್ ಅದರ ಮಾತು ಕೇಳಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಹೊಟ್ಟೆಯ ಸುತ್ತ ಸೇರುವ ಬೊಜ್ಜು ಮಾಡುವ ಕೆಡುಕೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತೆ.

ಇನ್ನು ಮೊದಲರ್ಧದ ಕಥೆ ಬೇಗ ಹೇಳಿಬಿಡಬಹುದು. ಶುಗರ್ ಹತೋಟಿ ತಪ್ಪಿದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡಲ್ಲ. ಗಾಯ ನಿಧಾನಕ್ಕೆ ಮಾಗುತ್ತೆ. ಬಾಯಿ ಒಣಗುತ್ತೆ, ಜೊಲ್ಲಿನ ರಕ್ಷಣೆ ತಪ್ಪುತ್ತೆ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಹತೋಟಿ ಇಲ್ಲದವರಿಗೆ, ಪೆರಿಯೊಡಾಂಟೈಟಿಸ್ ಬರುವ ಸಂಭವ ಎರಡರಿಂದ ಮೂರು ಪಟ್ಟು ಜಾಸ್ತಿ. ಅಂದರೆ ಒಂದು ಇನ್ನೊಂದನ್ನು ಕೆಡಿಸುತ್ತೆ, ಕೆಟ್ಟದ್ದು ತಿರುಗಿ ಮೊದಲಿನದನ್ನು ಕೆಡಿಸುತ್ತೆ.

ಆದರೆ ಶುಗರ್ ಇಲ್ಲದವರಿಗೆ ಒಸಡಿನಿಂದ ಶುಗರ್ ಬರುತ್ತಾ? ಈ ಪ್ರಶ್ನೆಗೆ ಎಚ್ಚರಿಕೆಯಿಂದ ಉತ್ತರಿಸಬೇಕು. ಅಮೆರಿಕದಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ತಪಾಸಣೆ ಮಾಡಿದ, ಆಗ ಸಕ್ಕರೆ ಕಾಯಿಲೆ ಇಲ್ಲದ 9,296 ಮಂದಿಯನ್ನು ಸುಮಾರು 17 ವರ್ಷ ಹಿಂಬಾಲಿಸಿದ ಮಾಹಿತಿ ಇದೆ. ಅದರ ವಿಶ್ಲೇಷಣೆ 2008ರಲ್ಲಿ ಪ್ರಕಟವಾಯಿತು. ಒಸಡಿನ ಕಾಯಿಲೆ ಮಧ್ಯಮ ಮಟ್ಟದಲ್ಲಿ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬಂದ ಸಂಭವ, ಒಸಡು ಚೆನ್ನಾಗಿದ್ದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ವಯಸ್ಸು, ತೂಕ, ಧೂಮಪಾನ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿಯಿತು. ಆದರೆ ಒಸಡಿನ ಸ್ಥಿತಿ ತೀರಾ ಕೆಟ್ಟಿದ್ದವರಲ್ಲಿ ಸಂಭವ ಇನ್ನೂ ಏರಬೇಕಿತ್ತು, ಹಾಗೆ ಏರಲಿಲ್ಲ. ಒಸಡಿನ ಕಾಯಿಲೆ ನೇರವಾಗಿ ಸಕ್ಕರೆ ಕಾಯಿಲೆ ತರುತ್ತೆ ಅಂತ ಖಚಿತವಾಗಿ ಹೇಳಲು ಇದರಿಂದ ಆಗಲ್ಲ. ಬಡತನ, ತಂಬಾಕು, ಬೊಜ್ಜು, ವಯಸ್ಸು ಎರಡೂ ಕಾಯಿಲೆಗೆ ಸಾಮಾನ್ಯ ಕಾರಣಗಳು. ಒಬ್ಬರಲ್ಲೇ ಎರಡೂ ಕಾಣಿಸಿಕೊಳ್ಳಲು ಅವೂ ಕಾರಣ. ಒಸಡಿನಲ್ಲಿ ರಕ್ತ ಬಂತು ಅಂತ ನಾಳೆಯೇ ಶುಗರ್ ಬರುತ್ತೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಹಾಗೇ, ರಕ್ತ ಬಂದರೆ ಏನೂ ಅಲ್ಲ ಅಂದರೂ ನಂಬಬೇಡಿ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಮುಂದಿನ ಪ್ರಶ್ನೆ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಶುಗರ್ ಇಳಿಯುತ್ತಾ?

ಇಲ್ಲಿ ಸಂಶೋಧಕರಲ್ಲೇ ದೊಡ್ಡ ವಾದ ನಡೆದಿದೆ. 2013ರಲ್ಲಿ ಅಮೆರಿಕದ 514 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅರ್ಧ ಮಂದಿಗೆ ಒಸಡಿನ ಆಳದ ಕ್ಲೀನಿಂಗ್ ಮಾಡಿದರು, ಉಳಿದವರಿಗೆ ಆಮೇಲೆ ಮಾಡಿದರು. ಆರು ತಿಂಗಳಾದ ಮೇಲೆ ಎಚ್‌ಬಿಎ1ಸಿಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ಹಲವರು ಅಂದುಕೊಂಡರು. ಆದರೆ ಒಸಡಿನ ತಜ್ಞರು ಆ ವರದಿಯನ್ನು ಓದಿ ಒಂದು ಮಾತು ಎತ್ತಿದರು. ಚಿಕಿತ್ಸೆ ಆದ ಮೇಲೂ ಆ ರೋಗಿಗಳ ಬಾಯಲ್ಲಿ ಪಾಚಿ ಸಾಕಷ್ಟು ಉಳಿದಿತ್ತು, ಒಸಡಿನ ರಕ್ತ ನಿಂತಿರಲಿಲ್ಲ. ಒಸಡು ವಾಸಿ ಆಗದೆ ಶುಗರ್ ಇಳಿಯಲಿಲ್ಲ ಅಂದರೆ ಅದರಿಂದ ಏನು ತಿಳಿಯುತ್ತೆ? ನನಗೆ ಈ ಆಕ್ಷೇಪ ನ್ಯಾಯವಾದದ್ದು ಅನ್ನಿಸುತ್ತೆ.

2018ರಲ್ಲಿ ಲಂಡನ್‌ನಿಂದ ಇನ್ನೊಂದು ಫಲಿತಾಂಶ ಬಂತು. 264 ರೋಗಿಗಳು. ಒಂದು ಗುಂಪಿಗೆ ಮೇಲುಮೇಲಿನ ಕ್ಲೀನಿಂಗ್ ಮಾತ್ರ. ಇನ್ನೊಂದು ಗುಂಪಿಗೆ ಬೇರಿನವರೆಗೆ ಕ್ಲೀನಿಂಗ್, ಬೇಕಾದವರಿಗೆ ಒಸಡಿನ ಸರ್ಜರಿ, ಆಮೇಲೆ ಮೂರು ತಿಂಗಳಿಗೊಮ್ಮೆ ಮತ್ತೆ ಕರೆಸಿ ನೋಡುವುದು. ಒಂದು ವರ್ಷದ ನಂತರ ಎರಡನೇ ಗುಂಪಿನ ಎಚ್‌ಬಿಎ1ಸಿ ಮೊದಲ ಗುಂಪಿಗಿಂತ 0.6 ಅಂಶ ಕಡಿಮೆ ಇತ್ತು. 2022ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.43, ಆರು ತಿಂಗಳಲ್ಲಿ 0.30 ಇಳಿಕೆ ಕಂಡಿತು.

ಈ 0.4 ಅಂದರೆ ಎಷ್ಟು? 8.4 ಇದ್ದ ಎಚ್‌ಬಿಎ1ಸಿ 8ಕ್ಕೆ ಬಂದ ಹಾಗೆ. ದೊಡ್ಡ ಪವಾಡ ಅಲ್ಲ. ಆದರೆ ಶುಗರ್‌ಗೆ ಸಾಮಾನ್ಯವಾಗಿ ಮೊದಲು ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಸಾಲದೆ ಡಾಕ್ಟರ್ ಎರಡನೇ ಗುಳಿಗೆ ಸೇರಿಸಿದಾಗ ಸಿಗುವ ಇಳಿಕೆ ಕೂಡ ಇದಕ್ಕಿಂತ ತೀರಾ ದೂರ ಇರಲ್ಲ. ಒಸಡಿನ ಚಿಕಿತ್ಸೆಗೆ ಶುಗರ್‌ನ ಹೊಸ ಗುಳಿಗೆ ಬೇಕಿಲ್ಲ, ಹಲ್ಲೂ ಉಳಿಯುತ್ತೆ. ಹಾಗಂತ ಕ್ಲೀನಿಂಗ್ ಮಾಡಿಸಿ ಗುಳಿಗೆ ಬಿಡುವ ಯೋಚನೆ ಯಾರೂ ಮಾಡಬಾರದು. ನಡಿಗೆ, ಊಟ, ಗುಳಿಗೆ, ಇನ್ಸುಲಿನ್ ಇವುಗಳ ಜಾಗಕ್ಕೆ ಒಸಡಿನ ಚಿಕಿತ್ಸೆ ಬರಲ್ಲ, ಅವುಗಳ ಜೊತೆಗೆ ಬರುತ್ತೆ. ಒಂದು ಸಲ ಮಾಡಿಸಿ ಮರೆತರೂ ಕೆಲಸ ಆಗಲ್ಲ. ಲಂಡನ್‌ನವರಿಗೆ ಫಲ ಸಿಕ್ಕಿದ್ದು ಆಳದ ಚಿಕಿತ್ಸೆಯ ಜೊತೆಗೆ ಮತ್ತೆ ಮತ್ತೆ ಕರೆಸಿಯೂ ನೋಡಿದಾಗ.

ನಮ್ಮ ಚಿಕ್ಕಮ್ಮ ಚನ್ನಗಿರಿ ಕಡೆಯವರು. ಶುಗರ್ ಬಂದು ಬಹಳ ವರ್ಷ ಆಗಿದೆ. ಗುಳಿಗೆ ತಪ್ಪಿಸುವವರಲ್ಲ. ಆದರೂ ನಂಬರ್ ಇಳಿಯುತ್ತಿರಲಿಲ್ಲ, ಡೋಸ್ ಏರುತ್ತಿತ್ತು. ಆ ವರ್ಷಗಳಲ್ಲೇ ಹಲ್ಲು ಒಂದೊಂದಾಗಿ ಅಲುಗಾಡಿ ಬೀಳುತ್ತಿದ್ದವು. ಕೇಳಿದರೆ ‘ವಯಸ್ಸಾತಲ್ಲಪ್ಪ, ಬೀಳ್ತಾವೆ ಬಿಡು’ ಅನ್ನುತ್ತಿದ್ದರು. ಅವರನ್ನು ತಿಂಗಳಾ ತಿಂಗಳಾ ನೋಡುತ್ತಿದ್ದ ಯಾವ ಡಾಕ್ಟರೂ ‘ಬಾಯಿ ತೆಗೀರಿ, ಒಸಡು ನೋಡೋಣ’ ಅನ್ನಲಿಲ್ಲ. ಹಲ್ಲು ಕಿತ್ತ ಕಡೆ ‘ಶುಗರ್ ಎಷ್ಟಿದೆ?’ ಎಂದು ಕೇಳಿದರು, ಅಷ್ಟೇ. ಕೀಳಲು ಪರವಾಗಿಲ್ವಾ ಅನ್ನುವುದಷ್ಟೇ ಅವರಿಗೆ ಬೇಕಿತ್ತು. ವಯಸ್ಸಾದರೆ ಹಲ್ಲು ಬೀಳಲೇಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆ ಅಂದರೆ, ಅದು ಒಂದು ಕಾಯಿಲೆಯ ಲಕ್ಷಣ ಅಂತ ಹೊಳೆಯುವುದೇ ಇಲ್ಲ.

ಇಂಥದ್ದೇ ಇನ್ನೊಂದು ಮಾತು ಮನೆಮನೆಯಲ್ಲಿ ಕೇಳುತ್ತೇವೆ. ‘ಕ್ಲೀನ್ ಮಾಡಿಸಬೇಡಿ, ಹಲ್ಲು ಸಡಿಲ ಆಗ್ತಾವೆ, ಸಂದು ಬೀಳ್ತಾವೆ.’ ನಿಜ ಏನೆಂದರೆ, ಮೂಳೆ ಮೊದಲೇ ಕರಗಿರುತ್ತೆ. ಸಂದನ್ನು ತುಂಬಿಕೊಂಡು ಕೂತಿದ್ದು ಆ ಗಟ್ಟಿ ಗಾರೆ. ಅದನ್ನು ತೆಗೆದಾಗ ಆಗಲೇ ಇದ್ದ ಸಂದು ಕಣ್ಣಿಗೆ ಬೀಳುತ್ತೆ. ಊದಿದ್ದ ಒಸಡು ಇಳಿದಾಗ ಹಲ್ಲು ಉದ್ದ ಕಂಡ ಹಾಗೂ ಆಗುತ್ತೆ. ಕೆಲವು ದಿನ ತಣ್ಣನೆಯ ನೀರು ಜುಮ್ಮೆನ್ನುತ್ತೆ, ಆಮೇಲೆ ಸರಿಹೋಗುತ್ತೆ. ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಉಜ್ಜುವವರೂ ಬಹಳ ಮಂದಿ. ಬಿಟ್ಟ ಜಾಗದಲ್ಲೇ ಪಾಚಿ ಜಾಸ್ತಿ ಕೂರುತ್ತೆ. ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿಗಳನ್ನು ಬೆರಳಲ್ಲಿ ತಿಕ್ಕಿದರೆ ಹಲ್ಲಿನ ಬುಡ ಸವೆಯುತ್ತೆ, ಸಂದಿನ ಪಾಚಿ ಹಾಗೇ ಉಳಿಯುತ್ತೆ.

ನಮ್ಮ ಕಡೆಯ ಮಾತು ಅಡಿಕೆ ಬಿಟ್ಟು ಮುಗಿಯಲ್ಲ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರ ಕಡೆ ಅಡಿಕೆಯೇ ಬದುಕು. ತೋಟ ಮಾಡುವವರ ಶ್ರಮದ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಆದರೆ ಜಗಿಯುವುದು ಬೇರೆ ವಿಷಯ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅಡಿಕೆ ಜಗಿಯುವವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಎಂದು ತೈವಾನ್‌ನ ಅಧ್ಯಯನಗಳು ತೋರಿಸಿವೆ. ಅದಕ್ಕೆ ಕಡ್ಡಿಪುಡಿ, ಗುಟ್ಕಾ ಸೇರಿದರೆ ಒಸಡಿಗೆ ಇನ್ನೂ ಕಷ್ಟ. ಬೀಡಿ ಸಿಗರೇಟಿನದು ಬೇರೆಯದೇ ಮೋಸ. ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ಒಳಗೆ ಕಾಯಿಲೆ ಬೆಳೆಯುತ್ತಿದ್ದರೂ ರಕ್ತ ಅಷ್ಟಾಗಿ ಬರಲ್ಲ. ಸೇದುವವರು ‘ನನಗೆ ರಕ್ತ ಬರಲ್ಲ, ಒಸಡು ಗಟ್ಟಿ ಇದೆ’ ಅಂದುಕೊಂಡರೆ ಅದು ಸುಳ್ಳು ಧೈರ್ಯ.

ಮಂಡಕ್ಕಿಯ ಬಗ್ಗೆಯೂ ಒಂದು ಮಾತು. ಸಂಜೆ ಆದರೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ದಾವಣಗೆರೆ ಇಲ್ಲ. ಹಗುರ ತಿಂಡಿ, ಶುಗರ್‌ಗೆ ಏನೂ ಆಗಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ತೂಕಕ್ಕೆ ಹಗುರ ನಿಜ. ಆದರೆ ಅದು ಅಕ್ಕಿಯೇ, ಅರಳಿದ ಅಕ್ಕಿ. ರಕ್ತದಲ್ಲಿ ಸಕ್ಕರೆ ಬೇಗ ಏರಿಸುತ್ತೆ. ಬಿಡಿ ಅಂತ ನಾನು ಹೇಳಲ್ಲ. ಪ್ರಮಾಣ ನೋಡಿಕೊಳ್ಳಿ, ತಿಂದ ಮೇಲೆ ಬಾಯಿ ಮುಕ್ಕಳಿಸಿ.

2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್‌-ಇಂಡಿಯಾಬ್ ಅಧ್ಯಯನದ ಅಂದಾಜು ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಮಂದಿಗೆ ತಮ್ಮ ಸ್ಥಿತಿ ಗೊತ್ತೇ ಇಲ್ಲ. ಅಂಥವರನ್ನು ಹಲ್ಲಿನ ಡಾಕ್ಟರ್ ಹಿಡಿಯಬಹುದು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದನ್ನು ತೋರಿಸಿದರು. ಡೆಂಟಲ್ ಕ್ಲಿನಿಕ್‌ಗೆ ಬಂದವರಲ್ಲಿ ಬಿದ್ದ ಹಲ್ಲೆಷ್ಟು, ಆಳದ ಪಾಕೆಟ್ ಎಷ್ಟು ಅನ್ನುವ ಎರಡೇ ಲೆಕ್ಕದಿಂದ, ಶುಗರ್ ಅಥವಾ ಅದರ ಹೊಸ್ತಿಲಲ್ಲಿದ್ದೂ ಗೊತ್ತಿಲ್ಲದಿದ್ದವರಲ್ಲಿ ಶೇ 73ರಷ್ಟು ಮಂದಿಯನ್ನು ಗುರುತಿಸಲು ಆಯಿತು. ಬೆರಳು ಚುಚ್ಚಿ ಎಚ್‌ಬಿಎ1ಸಿ ನೋಡುವುದನ್ನೂ ಸೇರಿಸಿದಾಗ ಅದು ಶೇ 92ಕ್ಕೆ ಏರಿತು. ಜನ ಶುಗರ್ ಟೆಸ್ಟ್‌ಗೆ ತಾವಾಗಿ ಹೋಗದಿರಬಹುದು. ಹಲ್ಲು ಅಲುಗಾಡಿದರೆ ಒಂದಲ್ಲ ಒಂದು ದಿನ ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತಾರೆ.

ಓದುವವರು ಈಗಲೇ ಮಾಡಬಹುದಾದದ್ದು ಇಷ್ಟು. ಶುಗರ್ ಇದ್ದರೆ, ನೋವು ಇಲ್ಲದಿದ್ದರೂ ಒಮ್ಮೆ ಒಸಡು ಅಳೆಸಿ. ಸುಮ್ನೆ ಹಲ್ಲು ನೋಡಿ ಅನ್ನಬೇಡಿ, ಪಾಕೆಟ್ ನೋಡಿ ಅಂತ ಬಾಯಿಬಿಟ್ಟು ಕೇಳಿ. ಹೋಗುವ ದಿನ ಉಪವಾಸ ಬೇಡ. ತಿಂಡಿ ತಿಂದು, ದಿನದ ಗುಳಿಗೆ ತೆಗೆದುಕೊಂಡು ಬೆಳಿಗ್ಗೆಯೇ ಹೋಗಿ, ಹಳೆಯ ಎಚ್‌ಬಿಎ1ಸಿ ವರದಿ ಕೈಲಿರಲಿ. ಬಾಯಿ ಮುಕ್ಕಳಿಸುವ ಔಷಧಿ ಪಾಕೆಟ್‌ನ ಆಳಕ್ಕೆ ಹೋಗಲ್ಲ, ಅದೊಂದನ್ನೇ ನಂಬಬೇಡಿ. ದಿನಕ್ಕೆ ಎರಡು ಸಲ ಮೃದು ಬ್ರಷ್, ಹಲ್ಲಿನ ಸಂದಿಗೆ ಸಣ್ಣ ಬ್ರಷ್. ಶುಗರ್ ಇಲ್ಲದವರಿಗೂ ಒಸಡಿನಲ್ಲಿ ಪದೇ ಪದೇ ರಕ್ತ, ಬಾಯಿವಾಸನೆ, ಅಲುಗಾಡುವ ಹಲ್ಲು ಇದ್ದರೆ, ಅದರಲ್ಲೂ ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ಒಂದು ರಕ್ತ ಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಹೊಸ್ತಿಲು, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ.

ಉಳಿದದ್ದು ವ್ಯವಸ್ಥೆಯ ಕೆಲಸ. 30 ವರ್ಷ ದಾಟಿದವರ ಶುಗರ್, ಬಿಪಿ ನೋಡುವ ಸರ್ಕಾರಿ ತಪಾಸಣೆಯಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ಅಂದರೆ ಬಾಯಿ ತೆಗೆಸಿ ಟಾರ್ಚ್ ಬಿಡುವ ಕೆಲಸಕ್ಕೆ ಜಾಗ ಆಗಲೇ ಇದೆ. ಅದೇ ಟಾರ್ಚ್ ಬೆಳಕಿನಲ್ಲಿ ಊದಿದ ಒಸಡೂ ಕಾಣುತ್ತೆ, ಅಲುಗಾಡುವ ಹಲ್ಲೂ ಕಾಣುತ್ತೆ. ಎರಡು ಪ್ರಶ್ನೆ ಸೇರಿಸಿ, ಹತ್ತಿರದ ಡೆಂಟಲ್ ಕಾಲೇಜಿಗೆ ಒಂದು ಚೀಟಿ ಬರೆದುಕೊಟ್ಟರೆ ಸಾಕು. ಇಷ್ಟು ಡೆಂಟಲ್ ಕಾಲೇಜುಗಳಿರುವ ಈ ಎರಡು ಜಿಲ್ಲೆಗಳಲ್ಲಿ ಇದನ್ನು ಶುರು ಮಾಡದೆ ಇನ್ನೆಲ್ಲಿ ಮಾಡುವುದು?

ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ ಇದೆ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡುತ್ತಾರೆ. ಒಳ್ಳೆಯ ಯೋಜನೆ. ಹಲ್ಲಿಲ್ಲದೆ ರೊಟ್ಟಿ ತಿನ್ನಲಾಗದವರಿಗೆ ಅದರ ಬೆಲೆ ಗೊತ್ತು. ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಮಾತು. ಹಲ್ಲುಸೆಟ್ ಅಳತೆ ಕೊಡಲು ಬರುವ ಅಜ್ಜನಿಗೆ ಅಲ್ಲೇ ಒಂದು ಶುಗರ್ ಟೆಸ್ಟ್ ಮಾಡಲಿ. ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ನಲವತ್ತರ ಮಗ ಹೊರಗೆ ಬೆಂಚಿನ ಮೇಲೆ ಕಾಯುತ್ತಿರುತ್ತಾನೆ. ಅವನ ಹಲ್ಲು ಇನ್ನೂ ಬಿದ್ದಿಲ್ಲ. ಅವನನ್ನೂ ಒಳಗೆ ಕರೆದು ಒಸಡು ಅಳೆಯಲಿ.